ಬಿಚ್ಚಿ ಕಟ್ಟಿದ ಮನೆ, ನಿಂತಲ್ಲೇ ಉಳಿದ ಮನೆ

ಉಡುಪಿ ಹತ್ತಿರದ ಕುಂಜೂರಿನಲ್ಲಿ 1816ರಲ್ಲಿ ಕಟ್ಟಿದ ಒಂದು ಚೌಕಿ ಮನೆ ಇತ್ತು. ಕರಾವಳಿ ಆಗ ಈಸ್ಟ್ ಇಂಡಿಯಾ ಕಂಪನಿಯ ಕೈಯಲ್ಲಿತ್ತು. ಟಿಪ್ಪು ಸುಲ್ತಾನ್ ತೀರಿಹೋಗಿ ಹದಿನೇಳು ವರ್ಷವಾಗಿತ್ತು. ಆ ಮನೆ ಈಗ ಕುಂಜೂರಿನಲ್ಲಿ ಇಲ್ಲ. ಹಾಗಂತ ಬಿದ್ದುಹೋಗಿಯೂ ಇಲ್ಲ. ಕಂಬ, ತೊಲೆ, ಬಾಗಿಲು, ಮುಚ್ಚಿಗೆ ಎಲ್ಲವನ್ನೂ ಬಿಚ್ಚಿ ತಂದು ಮಣಿಪಾಲದಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದ್ದಾರೆ.

ಈ ಕೆಲಸ ಮಾಡಿಸಿದವರು ವಿಜಯನಾಥ ಶೆಣೈ. ಅವರು ಇಂಜಿನಿಯರ್ ಅಲ್ಲ, ಪುರಾತತ್ವ ಇಲಾಖೆಯವರೂ ಅಲ್ಲ. ಸಿಂಡಿಕೇಟ್ ಬ್ಯಾಂಕಿನ ನೌಕರ. ಊರೂರಲ್ಲಿ ಹಳೇ ಮನೆಗಳನ್ನು ಕೆಡವಿ ಮರಮಟ್ಟು ಮಾರುವುದನ್ನು ನೋಡಿ, ಸಿಕ್ಕಿದ ಕಂಬ ಬಾಗಿಲುಗಳನ್ನು ಕೂಡಿಸಿ ಮೊದಲು ಮಣಿಪಾಲದಲ್ಲಿ ತಮ್ಮದೇ ಮನೆ ಕಟ್ಟಿಕೊಂಡರು. ಅದರ ಹೆಸರು ಹಸ್ತಶಿಲ್ಪ. ಆಮೇಲೆ ಬಿಡಿ ಕಂಬ ಸಾಲದು, ಇಡೀ ಮನೆಯನ್ನೇ ಉಳಿಸಬೇಕು ಅನ್ನಿಸಿತು. ಹಾಗೆ ಹುಟ್ಟಿದ್ದು ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್. ಕುಂಜೂರಿನ ಚೌಕಿ ಮನೆಯ ಜೊತೆಗೆ ಕುಂದಾಪುರ ಕಡೆಯ ಹರ್ಕೂರಿನ ಮನೆ, ಭಟ್ಕಳದ ನವಾಯತರ ಮನೆ, ಮಂಗಳೂರಿನ ಕ್ರೈಸ್ತರ ಮನೆ, ಮುಧೋಳ ಅರಮನೆಯ ದರ್ಬಾರ್ ಹಾಲ್, ಕೊಪ್ಪಳ ಜಿಲ್ಲೆಯ ಕುಕನೂರಿನ ಕಮಲ ಮಹಲ್ ಎಲ್ಲ ಅಲ್ಲಿವೆ. ಶೆಣೈ ಅವರು 2017ರಲ್ಲಿ ತೀರಿಕೊಂಡರು.

ಅಷ್ಟು ಗಟ್ಟಿಯಾಗಿ ಕಟ್ಟಿದ ಮನೆಗಳು ಯಾಕೆ ಅನಾಥವಾದವು? ಮಳೆ, ಗೆದ್ದಲು ಅಂತ ಎಲ್ಲರೂ ಹೇಳುತ್ತಾರೆ. ಮಳೆಯೂ ಗೆದ್ದಲೂ 1816ರಲ್ಲೂ ಇದ್ದವು. ನಮಗೆ ಕಾಣುವುದು ಬೇರೆ ಕಾರಣ.

ಮನೆ ದೊಡ್ಡದಾಗಿದ್ದದ್ದು ಯಾಕೆ

ಚೌಕಿ ಮನೆ ಅಂದರೆ ನಡುವೆ ಅಂಗಳ, ನಾಲ್ಕೂ ಸುತ್ತ ಜಗಲಿ, ಅದರ ಹಿಂದೆ ಕೋಣೆಗಳು. ಮಲೆನಾಡಿನಲ್ಲಿ, ಮೈಸೂರು ಸೀಮೆಯಲ್ಲಿ ಇಂಥದ್ದನ್ನೇ ತೊಟ್ಟಿ ಮನೆ ಅಂತಾರೆ. ಮೂವತ್ತು ನಲವತ್ತು ಜನರ ಕೂಡುಕುಟುಂಬಕ್ಕೆ ಆದ ಮನೆ ಅದು. ಭತ್ತ ತುಂಬುವುದಕ್ಕೆ ಪತ್ತಾಯ, ಗೇಣಿ ಅಳೆಯುವುದಕ್ಕೆ ಅಂಗಳ, ಪಂಚಾಯ್ತಿಗೆ ಚಾವಡಿ, ದೇವರಿಗೆ ದೈವಕ್ಕೆ ಕೋಣೆ. ಮನೆ ಅನ್ನುವುದಕ್ಕಿಂತ ಅರ್ಧ ಆಫೀಸು, ಅರ್ಧ ಗೋದಾಮು ಅನ್ನಬಹುದು. ಹೊರಗಿನಿಂದ ಬರುವ ಗೇಣಿಯ ಮೇಲೆ ಅದರ ಖರ್ಚು ನಡೆಯುತ್ತಿತ್ತು.

ಅದು ಎರಡು ಹಂತದಲ್ಲಿ ನಿಂತಿತು. ದಕ್ಷಿಣ ಕನ್ನಡ ಇನ್ನೂ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ 1949ರಲ್ಲಿ ಅಳಿಯಸಂತಾನ ಕಾಯ್ದೆ ಬಂತು. ಅಲ್ಲಿಯವರೆಗೆ ಯಜಮಾನರ ಕೈಯಲ್ಲಿ ಒಟ್ಟಾಗಿದ್ದ ಆಸ್ತಿಯನ್ನು ಪಾಲು ಮಾಡಿಕೊಳ್ಳಲು ದಾರಿಯಾಯಿತು. ಆಮೇಲೆ ದೇವರಾಜ ಅರಸು ಕಾಲದಲ್ಲಿ ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿ ಒಕ್ಕಲಾಗಿದ್ದವರು ಡಿಕ್ಲರೇಶನ್ ಕೊಟ್ಟರು, ಉಳುತ್ತಿದ್ದ ಭೂಮಿ ಅವರದ್ದಾಯಿತು. ಅದು ಆಗಬೇಕಾದದ್ದೇ. ಇದನ್ನು ಓದುತ್ತಿರುವ ನಿಮ್ಮಲ್ಲಿ ಎಷ್ಟೋ ಜನರ ಅಜ್ಜ ಅಜ್ಜಿಗೆ ಹಾಗೆ ಭೂಮಿ ಬಂದಿರಬಹುದು.

ಅದರ ಒಂದು ಪರಿಣಾಮ ಮಾತ್ರ ಇತಿಹಾಸದಲ್ಲಿ ಸಣ್ಣ ಅಕ್ಷರದಲ್ಲಿ ಉಳಿಯಿತು. ದೊಡ್ಡ ಮನೆಗೆ ಆದಾಯ ನಿಂತುಹೋಯಿತು. ಮಕ್ಕಳು ಮುಂಬಯಿ, ಬೆಂಗಳೂರು, ಗಲ್ಫ್ ಅಂತ ಹೊರಟರು. ಕೊನೆಗೆ ಒಬ್ಬರು ಅಜ್ಜಿ, ಒಂದು ಅಡುಗೆ ಕೋಣೆ, ಬೀಗ ಹಾಕಿದ ಇಪ್ಪತ್ತು ಬಾಗಿಲು. ಉಡುಪಿ ಕಡೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಒಂದು ಹಂಚು ಒಡೆದರೆ ಮೊದಲು ರೀಪು ಲಡ್ಡಾಗುತ್ತದೆ, ಆಮೇಲೆ ಪಕ್ಕಾಸು, ಆಮೇಲೆ ಗೋಡೆಯ ತಲೆಗೆ ನೀರು ಇಳಿಯುತ್ತದೆ. ಮೊದಲಾದರೆ ಒಲೆಯ ಹೊಗೆ ಮಾಡಿನ ಮರವನ್ನು ಒಣಗಿಸಿ ಇಡುತ್ತಿತ್ತು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಯಾರಾದರೂ ಮಾಡು ಹತ್ತಿ ಹಂಚು ಕೈಯಾಡಿಸುತ್ತಿದ್ದರು. ಹೊಗೆಯೂ ನಿಂತಿತು, ಮಾಡು ಹತ್ತುವವರೂ ಇಲ್ಲ. ಮರಮಟ್ಟಿನ ವ್ಯಾಪಾರಿ ಬಂದು ರೇಟು ಹೇಳುವುದು ಆ ಹೊತ್ತಿಗೆ.

ಬಿಚ್ಚಲು ಸಾಧ್ಯವಾದದ್ದು ಹೇಗೆ

ಈಗಿನ ಕಾಂಕ್ರೀಟ್ ಮನೆಯನ್ನು ಒಡೆಯಬಹುದು, ಬಿಚ್ಚಲಾಗುವುದಿಲ್ಲ. ಹಳೇ ಮನೆಯನ್ನು ಬಿಚ್ಚಬಹುದು. ಆಚಾರಿಗಳು ಒಂದು ಮರದ ತುದಿಯನ್ನು ಇನ್ನೊಂದರಲ್ಲಿ ಕೊರೆದು ಕೂರಿಸಿ, ಮರದ ಗೂಟ ಹೊಡೆದು ಬಿಗಿ ಮಾಡುತ್ತಿದ್ದರು. ಕಂಬವನ್ನು ಮಣ್ಣಿಗೆ ಹೂಳದೆ ಅಡಿಗಲ್ಲಿನ ಮೇಲೆ ನಿಲ್ಲಿಸುತ್ತಿದ್ದರು, ಗೆದ್ದಲು ನೇರ ಮರಕ್ಕೆ ಏರಬಾರದು ಅಂತ. ಗೂಟ ತೆಗೆದರೆ ಜೋಡಣೆ ಬಿಡಿಸಿಕೊಳ್ಳುತ್ತದೆ. ಹಾಗೆ ಮನೆ ಬಿಚ್ಚುವಾಗ ಪ್ರತಿ ತುಂಡಿಗೂ ನಂಬರ್ ಹಾಕಬೇಕು, ನಕ್ಷೆ ಬರೆದುಕೊಳ್ಳಬೇಕು, ಫೋಟೋ ತೆಗೆಯಬೇಕು. ಕೆಟ್ಟುಹೋದ ಭಾಗಕ್ಕೆ ಅದೇ ಜಾತಿಯ ಮರ ಹುಡುಕಿ ಕೂಡಿಸಬೇಕು. ಇದೆಲ್ಲ ಬಲ್ಲ ಆಚಾರಿ ಇದ್ದರೆ ಮಾತ್ರ ಆಗುವ ಕೆಲಸ. ಮನೆ ಉಳಿಸುವುದು ಅಂದರೆ ಆ ಕೈಕೆಲಸವನ್ನೂ ಉಳಿಸಿದ ಹಾಗೆ.

ಇನ್ನೊಂದು ಮಾತು. ಹಳೇ ಮನೆ ಕಟ್ಟಿದ ದಿನ ಇದ್ದ ಹಾಗೇ ಕೊನೆವರೆಗೂ ಇರುತ್ತಿರಲಿಲ್ಲ. ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಅದಕ್ಕಿಂತ ಹಿಂದಿನ ಮನೆಗೆ ಇವತ್ತು ಮಂಗಳೂರು ಹಂಚು ಇದ್ದರೆ ಅದು ಆಮೇಲೆ ಹೊದಿಸಿದ್ದು. ಮೊದಲು ಹುಲ್ಲೋ ನಾಡ ಹಂಚೋ ಇದ್ದಿರಬೇಕು. ಹಾಗಾಗಿ ಹಳೇ ಮನೆಯಲ್ಲಿ ಏನನ್ನೂ ಬದಲಿಸಲೇಬಾರದು ಅಂತ ನಾವು ಹೇಳುವುದಿಲ್ಲ. ಕರೆಂಟು ಬರಲಿ, ಒಳಗೆ ಬಚ್ಚಲು ಬರಲಿ. ಬದಲಾವಣೆ ಮನೆಯನ್ನು ಕೊಲ್ಲಬಾರದು ಅಷ್ಟೆ.

ಊರು ಬಿಟ್ಟ ಮನೆ

ಕುಂಜೂರಿನ ಮನೆ ಮಣಿಪಾಲದಲ್ಲಿ ಉಳಿಯಿತು. ಅದರ ಗದ್ದೆ, ಬಾವಿ, ನಾಗಬನ, ನೆರೆಮನೆ ಯಾವುದೂ ಜೊತೆಗೆ ಬರಲಿಲ್ಲ. ಮನೆಯನ್ನು ಹೊತ್ತು ತರಬಹುದು, ಊರನ್ನು ತರಲಾಗದು. ಬೇರೆ ದಾರಿಯೇ ಇಲ್ಲದಿದ್ದಾಗ ಬಿಚ್ಚಿ ತರುವುದು ಸರಿ. ದಾರಿ ಇದ್ದರೆ ಮನೆ ನಿಂತಲ್ಲೇ ಉಳಿಯಬೇಕು.

ಹಾಗೆ ಉಳಿದದ್ದಕ್ಕೆ ತೀರ್ಥಹಳ್ಳಿ ತಾಲೂಕಿನ ಕುಪ್ಪಳಿ ಸಾಕ್ಷಿ. ಕುವೆಂಪು ಬೆಳೆದ ತೊಟ್ಟಿ ಮನೆಯನ್ನು ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನ ದುರಸ್ತಿ ಮಾಡಿ, ಕವಿಮನೆ ಅಂತ ಎಲ್ಲರಿಗೂ ತೆರೆದಿಟ್ಟಿದೆ. ಮನೆಯ ಹಿಂದೆ ಅದೇ ಗುಡ್ಡ, ಮೇಲೆ ಕವಿಶೈಲ. ಮಲೆನಾಡಿನ ಮನೆಯಲ್ಲಿ ಬಳಸುತ್ತಿದ್ದ ಪಾತ್ರೆ ಪಗಡಿ, ಕೃಷಿ ಸಾಮಾನು ಅಲ್ಲೇ ನೋಡಬಹುದು. ಆದರೆ ಉಳಿಸಿದರೆ ಮುಗಿಯಿತು ಅನ್ನುವ ಹಾಗಿಲ್ಲ. 2015ರ ನವೆಂಬರಿನಲ್ಲಿ ಕವಿಮನೆಗೆ ಕಳ್ಳರು ನುಗ್ಗಿ ಪದ್ಮ ಪ್ರಶಸ್ತಿಯ ಪದಕಗಳನ್ನು ಕದ್ದರು. ರಾಷ್ಟ್ರಕವಿಯ ಮನೆಗೇ ಹಾಗಾದ ಮೇಲೆ ಕಾವಲು ಅನ್ನುವುದು ದುರಸ್ತಿಯಷ್ಟೇ ದೊಡ್ಡ ಕೆಲಸ ಅಂತ ಗೊತ್ತಾಗುತ್ತದೆ.

ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಅವರ ಮನೆಯ ಕತೆ ಇನ್ನೊಂದು ಥರ. 2011ರಲ್ಲಿ ಅದನ್ನು ಕೆಡವುವ ಕೆಲಸ ಶುರುವಾಗಿತ್ತು. ಸುದ್ದಿ ಪತ್ರಿಕೆಯಲ್ಲಿ ಬಂದ ಮೇಲೆ ಕೆಲಸ ನಿಂತಿತು. ಸಾರ್ವಜನಿಕ ಹಣದಲ್ಲಿ ಕೊಂಡು, ರಿಪೇರಿ ಮಾಡಿ, 2016ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದರು. ಇಂಗ್ಲಿಷಿನಲ್ಲಿ ಬರೆದವರ ಮನೆಗೆ ಇಷ್ಟು ಹಣ ಯಾಕೆ ಅಂತ ಕೆಲವು ಕನ್ನಡ ಲೇಖಕರು ಆಗ ವಿರೋಧಿಸಿದ್ದರು. ಯಾರ ಮನೆ ಉಳಿಯಬೇಕು, ಯಾರ ದುಡ್ಡಿನಲ್ಲಿ ಅನ್ನುವ ಆ ಪ್ರಶ್ನೆ ನ್ಯಾಯವಾದದ್ದೇ. ಊರುಗಳಲ್ಲಿ ಅದು ಇನ್ನೂ ಗಟ್ಟಿಯಾಗಿ ಕೇಳುತ್ತದೆ.

ಯಾರ ಮನೆ?

ಗೇಣಿ ಕೊಟ್ಟವರ ಮೊಮ್ಮಕ್ಕಳು ಗೇಣಿ ವಸೂಲಿ ಮಾಡಿದ ಮನೆಯನ್ನು ಯಾಕೆ ಉಳಿಸಬೇಕು? ಆ ಜಗಲಿ ಹತ್ತಲು ಬಿಡದೆ ಅಂಗಳದ ಆಚೆ ನಿಲ್ಲಿಸಿದ್ದನ್ನು ಮರೆತುಬಿಡಬೇಕೆ?

ಮರೆಯಬೇಕಾಗಿಲ್ಲ. ಮನೆ ಬಿದ್ದರೆ ಆ ನೆನಪಿನ ಸಾಕ್ಷಿಯೂ ಬೀಳುತ್ತದೆ. ಯಾರು ಚಾವಡಿಯಲ್ಲಿ ಕೂರುತ್ತಿದ್ದರು, ಯಾರು ಅಂಗಳದಲ್ಲಿ, ಯಾರು ಅಂಗಳಕ್ಕೂ ಬರುವಂತಿರಲಿಲ್ಲ ಅನ್ನುವುದನ್ನು ಆ ಗೋಡೆ, ಆ ಮೆಟ್ಟಿಲು ನೋಡಿದರೆ ಮಕ್ಕಳಿಗೆ ತಾನೇ ಅರ್ಥವಾಗುತ್ತದೆ. ಮನೆ ಯಜಮಾನರ ಹೆಸರಿನಲ್ಲಿದ್ದರೂ ಕಲ್ಲು ಕಡಿದವರು, ಮರ ಎಳೆದವರು, ಕೊರೆದವರು, ಗಾರೆ ಅರೆದವರು ಊರಿನವರೇ. ಅವರು ಬಾಳಿದ ಹುಲ್ಲಿನ ಗುಡಿಸಲನ್ನು ಯಾರೂ ಬಿಚ್ಚಿ ಮಣಿಪಾಲಕ್ಕೆ ಒಯ್ಯಲಿಲ್ಲ, ಒಯ್ಯಲು ಆಗುತ್ತಲೂ ಇರಲಿಲ್ಲ. ಅವರ ಕೈಕೆಲಸ ಉಳಿದಿರುವುದು ಈ ದೊಡ್ಡ ಮನೆಗಳಲ್ಲಿ. ಹಾಗಾಗಿ ಇಂಥ ಮನೆಯನ್ನು ಉಳಿಸುವವರು ಯಜಮಾನರ ಫೋಟೋ ಒಂದನ್ನೇ ತೂಗುಹಾಕಿದರೆ ಅರ್ಧ ಇತಿಹಾಸ ಹೇಳಿದ ಹಾಗೆ.

ನಿಮ್ಮೂರಲ್ಲಿ ಇದ್ದರೆ

ನೂರು ವರ್ಷ ದಾಟಿದ ಮನೆಗೆ ತಾನಾಗಿಯೇ ಸರ್ಕಾರದ ರಕ್ಷಣೆ ಇದೆ ಅಂತ ಎಷ್ಟೋ ಜನ ತಿಳಿದಿದ್ದಾರೆ. ಹಾಗಿಲ್ಲ. ಸಂರಕ್ಷಿತ ಸ್ಮಾರಕ ಅಂತ ಸರ್ಕಾರ ಅಧಿಸೂಚನೆ ಹೊರಡಿಸಿದರೆ ಮಾತ್ರ ಆ ಕಾನೂನಿನ ರಕ್ಷಣೆ. ಊರಿನ ಖಾಸಗಿ ಮನೆಗಳು ಸಾಮಾನ್ಯವಾಗಿ ಆ ಪಟ್ಟಿಯಲ್ಲಿ ಇರುವುದಿಲ್ಲ. ಅಂದರೆ ಉಳಿಸುವುದೂ ಬಿಡುವುದೂ ಮನೆಯವರ, ಊರಿನವರ ಕೈಯಲ್ಲಿದೆ.

ದೊಡ್ಡ ಹಣ ಬೇಡದ ಕೆಲವು ಕೆಲಸ ಇವೆ. ಮೊದಲನೆಯದು ಮಾಡು. ಮೇ ತಿಂಗಳಲ್ಲಿ ಒಡೆದ ಹಂಚು ಬದಲಿಸಿ, ಬಿದ್ದ ಎಲೆ ಗುಡಿಸಿ, ಸೂರಿನ ನೀರು ಗೋಡೆ ಬುಡದಲ್ಲಿ ನಿಲ್ಲದ ಹಾಗೆ ಹರಿಯಬಿಡಿ.

ಎರಡನೆಯದು ಗೋಡೆ. ಮಣ್ಣಿನ ಗೋಡೆಗೆ, ಹಳೇ ಮುರಕಲ್ಲಿನ ಗೋಡೆಗೆ ಸಿಮೆಂಟು ಪ್ಲಾಸ್ಟರ್ ಮಾಡಿಸಬೇಡಿ. ಅಂಥ ಗೋಡೆ ಮಳೆಗಾಲದಲ್ಲಿ ಎಳೆದುಕೊಂಡ ತೇವವನ್ನು ಬೇಸಿಗೆಯಲ್ಲಿ ಹೊರಗೆ ಬಿಡಬೇಕು. ಸಿಮೆಂಟು ಅದನ್ನು ಒಳಗೇ ಕಟ್ಟಿಹಾಕುತ್ತದೆ. ಹೊರಗೆ ನುಣ್ಣಗೆ ಕಂಡರೂ ಒಳಗೆ ಗೋಡೆ ಪುಡಿಯಾಗುತ್ತಾ ಹೋಗುತ್ತದೆ. ಸುಣ್ಣ ಮರಳಿನ ಗಾರೆಯೇ ಸರಿ, ಮೇಲೆ ಸುಣ್ಣವನ್ನೇ ಬಳಿಯಿರಿ.

ಮೂರನೆಯದು ಬಾಗಿಲು. ವಾರಕ್ಕೊಮ್ಮೆಯಾದರೂ ತೆರೆದು ಗಾಳಿ ಬೆಳಕು ಬಿಡಿ. ಕಂಬದ ಬುಡದಲ್ಲಿ ಮಣ್ಣಿನ ಗೆರೆ ಕಂಡರೆ ಗೆದ್ದಲು ಬಂತು ಅಂತಲೇ ಲೆಕ್ಕ, ಅವತ್ತೇ ನೋಡಿಕೊಳ್ಳಿ.

ನಾಲ್ಕನೆಯದಕ್ಕೆ ಮೊಬೈಲ್ ಒಂದಿದ್ದರೆ ಸಾಕು. ಪ್ರತಿ ಕೋಣೆಯ ಫೋಟೋ ತೆಗೆಯಿರಿ, ಟೇಪು ಹಿಡಿದು ಅಳತೆ ಬರೆಯಿರಿ. ಮನೆಯ ಹಿರಿಯರನ್ನು ಕೇಳಿ. ಆ ಮನೆಯಲ್ಲಿ ದುಡಿದವರ ಮನೆಯ ಹಿರಿಯರನ್ನೂ ಕೇಳಿ. ಯಾವ ಕೋಣೆಗೆ ಏನು ಹೆಸರು, ಯಾವ ಆಚಾರಿ ಕಟ್ಟಿದ್ದು, ಗೇಣಿ ಎಷ್ಟು ಮುಡಿ ಹೋಗುತ್ತಿತ್ತು ಎಲ್ಲ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಮನೆ ಉಳಿಯದಿದ್ದರೂ ಅದು ಉಳಿಯುತ್ತದೆ.

ಖಾಲಿ ಮನೆ ಎಷ್ಟೇ ರಿಪೇರಿ ಮಾಡಿದರೂ ಮತ್ತೆ ಕೆಡುತ್ತದೆ. ಒಂದು ಭಾಗವನ್ನಾದರೂ ಊರಿನ ವಾಚನಾಲಯಕ್ಕೋ, ಅಂಗನವಾಡಿಗೋ, ಸ್ವಸಹಾಯ ಸಂಘದ ಸಭೆಗೋ ಬಿಟ್ಟುಕೊಡಲು ಆಗುತ್ತದಾ ಅಂತ ಮನೆಯವರು ಕೂತು ಮಾತಾಡಬೇಕು. ಪಾಲುದಾರರು ಐದು ಊರಲ್ಲಿದ್ದರೆ ಈ ಮಾತು ಸುಲಭವಲ್ಲ, ನಮಗೂ ಗೊತ್ತು. ಆದರೆ ಮರಮಟ್ಟಿನ ವ್ಯಾಪಾರಿ ಅಂಗಳಕ್ಕೆ ಬಂದ ಮೇಲೆ ಮಾತಾಡಿ ಪ್ರಯೋಜನ ಇಲ್ಲ. ದಸರಾಕ್ಕೋ ದೀಪಾವಳಿಗೋ ಎಲ್ಲರೂ ಊರಿಗೆ ಬಂದಾಗಲೇ ಆ ಮಾತು ತೆಗೆಯಿರಿ.