ಮೈಕಿನ ಸ್ವಿಚ್ಚು, ಮಾತಿನ ಮರ್ಯಾದೆ

ನಮ್ಮ ಕ್ಯಾಂಪಿನ ರೂಮಿನಲ್ಲಿ ಆರು ಜನ. ಕಳೆದ ಚುನಾವಣೆ ಹೊತ್ತಿಗೆ ರಾತ್ರಿ ಊಟ ಮಾಡ್ತಾ ಊರಿನ ಚಾನೆಲ್ಲಿನ ಚರ್ಚೆ ನೋಡ್ತಿದ್ವಿ. ಅಲ್ಲಿ "ನೀವು" ಹೋಗಿ "ನೀನು" ಬಂತು, ಆಮೇಲೆ "ಏನೋ" ಬಂತು. ಸ್ವಲ್ಪ ಹೊತ್ತಿಗೆ ನಮ್ಮಲ್ಲೂ ಅದೇ ಆಯ್ತು. ಐದು ವರ್ಷದಿಂದ "ಅಣ್ಣ, ಬನ್ನಿ" ಅಂತಿದ್ದ ಪಕ್ಕದ ಮಂಚದವರಿಗೆ ನಾನು ಏಕವಚನದಲ್ಲಿ ಬೈದುಬಿಟ್ಟೆ. ಮಾತು ನಿಂತಿತು.

ಆ ಬೇಜಾರಿನಲ್ಲಿ ಟಿವಿ ಚರ್ಚೆಗಳ ಇತಿಹಾಸ ಹುಡುಕಿ ಓದಿದೆ. ಐಟಿಐ ಎಲೆಕ್ಟ್ರಿಷಿಯನ್ ಆದ ನನಗೆ ಅದು ಮೈಕಿನ ಕಥೆಯಾಗಿಯೇ ಕಂಡಿತು.

ಅಮೆರಿಕದ ಅಧ್ಯಕ್ಷ ಅಭ್ಯರ್ಥಿಗಳ ಮೊದಲ ಟಿವಿ ಚರ್ಚೆ ನಡೆದದ್ದು 1960ರ ಸೆಪ್ಟೆಂಬರ್ 26ರಂದು, ಷಿಕಾಗೋದಲ್ಲಿ. ಕೆನಡಿ ಮತ್ತು ನಿಕ್ಸನ್ ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು ಮಾತಾಡಿದರು. ಮತ್ತೆ ಇಂಥ ಚರ್ಚೆ ನಡೆಯಲು 16 ವರ್ಷ ಬೇಕಾಯಿತು. 1976ರ ಸೆಪ್ಟೆಂಬರ್ 23ರಂದು ಫಿಲಡೆಲ್ಫಿಯಾದಲ್ಲಿ ಫೋರ್ಡ್ ಮತ್ತು ಕಾರ್ಟರ್ ಚರ್ಚೆಯ ನಡುವೆ ಧ್ವನಿಯೇ ಹೋಯಿತು. ಆಂಪ್ಲಿಫೈಯರಿನ ಒಂದು ಸಣ್ಣ ಕೆಪಾಸಿಟರ್ ಕೈಕೊಟ್ಟಿತ್ತು. 27 ನಿಮಿಷ ಇಬ್ಬರೂ ಒಂದೇ ವೇದಿಕೆಯಲ್ಲಿ ಪರಸ್ಪರ ಮಾತಾಡದೆ ಕಾದರು.

ಮುಂದೆ ಮೈಕನ್ನು ಬೇಕೆಂದೇ ಬಂದ್ ಮಾಡುವ ಕಾಲ ಬಂತು. 2020ರ ಸೆಪ್ಟೆಂಬರ್ 29ರಂದು ಕ್ಲೀವ್‌ಲ್ಯಾಂಡಿನಲ್ಲಿ ಟ್ರಂಪ್ ಮತ್ತೆ ಮತ್ತೆ ನಡುವೆ ಬಾಯಿ ಹಾಕಿದರು. ತಾಳ್ಮೆ ಕಳೆದುಕೊಂಡ ಬೈಡನ್ ಬಾಯಿ ಮುಚ್ಚುವಂತೆ ಹೇಳಿದರು. ಅಕ್ಟೋಬರ್ 22ರ ನ್ಯಾಶ್‌ವಿಲ್ ಚರ್ಚೆಯಲ್ಲಿ ಹೊಸ ನಿಯಮ ಬಂತು: ಒಬ್ಬರು ಮೊದಲ ಎರಡು ನಿಮಿಷದ ಉತ್ತರ ಕೊಡುವಾಗ ಇನ್ನೊಬ್ಬರ ಮೈಕ್ ಆಫ್. 2024ರ ಜೂನ್ 27ರಂದು ಅಟ್ಲಾಂಟಾದಲ್ಲಿ ಸರದಿ ಬಂದವರ ಮೈಕ್ ಮಾತ್ರ ಆನ್. ಎದುರಿಗೆ ಪ್ರೇಕ್ಷಕರೂ ಇರಲಿಲ್ಲ. ಗದ್ದಲ ಕಡಿಮೆಯಾಯ್ತು, ಬೈಗುಳ ನಿಲ್ಲಲಿಲ್ಲ. ಟ್ರಂಪ್ ಅವರದು ಬೀದಿ ಬೆಕ್ಕಿನ ನಡತೆ ಅಂದರು ಬೈಡನ್. ಬೈಡನ್ ಅವರನ್ನು ಅಪರಾಧಿ ಅಂದರು ಟ್ರಂಪ್. ಎರಡೂ ತಮ್ಮ ತಮ್ಮ ಸರದಿಯಲ್ಲೇ!

ಇಂಗ್ಲಿಷಿನಲ್ಲಿ ನೀನು, ನೀವು ಎರಡಕ್ಕೂ ಒಂದೇ ಪದ. ಅವಮಾನ ಮಾಡಬೇಕಾದರೆ ಬೇರೆ ಮಾತು ಹುಡುಕಬೇಕು. ನಮಗೆ ಅಷ್ಟು ಕಷ್ಟವಿಲ್ಲ. "ಹೇಳಿ" ಅನ್ನೋದು "ಹೇಳೋ" ಆದರೆ ಸಾಕು. ಅದನ್ನು ತಡೆಯುವ ಸ್ವಿಚ್ಚು ಯಾವ ಬೋರ್ಡಿನಲ್ಲೂ ಇಲ್ಲ.

ಫೋರ್ಡ್ ಮತ್ತು ಕಾರ್ಟರ್ ನಡುವಿನ ಮೌನ 27 ನಿಮಿಷದ್ದು, ನಮ್ಮ ರೂಮಿನದು ಹನ್ನೊಂದು ದಿನದ್ದು. ಹನ್ನೆರಡನೇ ದಿನ ಡ್ಯೂಟಿ ಮುಗಿಸಿ ಬಂದು ಎರಡು ಲೋಟ ಚಹಾ ಮಾಡಿದೆ. "ಅಣ್ಣಾ, ತಪ್ಪಾಯ್ತು, ತಗೊಳ್ಳಿ" ಅಂದೆ. ಅವರು ಸುಮ್ಮನೆ ಲೋಟ ತಗೊಂಡರು. ಆಮೇಲೆ, "ಸಕ್ಕರೆ ಜಾಸ್ತಿ ಆಯ್ತು ಕಣೋ" ಅಂದರು. ಆ "ಕಣೋ" ಕೇಳಿ ನನಗೆ ಜೀವ ಬಂದ ಹಾಗಾಯ್ತು.