ತಲೆಗೆ ಕಟ್ಟುವ ಟಾರ್ಚ್ (ಹೆಡ್‌ಲ್ಯಾಂಪ್) ಖರೀದಿ: ಗ್ರಾಹಕರ ತಿಳಿವಳಿಕೆಗಾಗಿ

ಎರಡೂ ಕೈಗಳಿಗೆ ಕೆಲಸವಿದ್ದು ಬೆಳಕೂ ಅಗತ್ಯವಿರುವ ಸಂದರ್ಭಗಳಲ್ಲಿ ತಲೆಗೆ ಕಟ್ಟುವ ಟಾರ್ಚ್ ಅಥವಾ ಹೆಡ್‌ಲ್ಯಾಂಪ್ ಬಳಸಲಾಗುತ್ತದೆ. ಸುಳ್ಯ, ಪುತ್ತೂರು, ಬೆಳ್ತಂಗಡಿ ತಾಲ್ಲೂಕುಗಳಲ್ಲಿ ನಸುಕಿಗೆ ಮುನ್ನ ರಬ್ಬರ್ ಟ್ಯಾಪಿಂಗ್ ಮಾಡುವವರು, ಮುಂಜಾನೆ ಮಲ್ಲಿಗೆ ಮೊಗ್ಗು ಕೊಯ್ಯುವವರು, ರಾತ್ರಿ ಪಾಳಿಯಲ್ಲಿ ಮೂರು ಫೇಸ್ ವಿದ್ಯುತ್ ದೊರೆತಾಗ ಗದ್ದೆ ತೋಟಗಳಿಗೆ ನೀರು ಹಾಯಿಸುವ ರೈತರು ಹಾಗೂ ನಡುರಾತ್ರಿ ಕೊಟ್ಟಿಗೆಯಲ್ಲಿ ಕರು ಹಾಕುವ ಹಸುವಿನ ಆರೈಕೆಗೆ ನಿಲ್ಲುವವರು ಇದರ ಮುಖ್ಯ ಬಳಕೆದಾರರಾಗಿರುತ್ತಾರೆ. ಚಾರಣಿಗರೂ ವಿದ್ಯುತ್ ದುರಸ್ತಿ ಕೆಲಸಗಾರರೂ ಇದನ್ನು ಬಳಸುವುದುಂಟು.

ಕಡಿಮೆ ಬೆಲೆಯ ಹೆಡ್‌ಲ್ಯಾಂಪ್‌ಗಳು ಈಗ ಸಂತೆಯಲ್ಲಿಯೂ ಆನ್‌ಲೈನ್ ಮಾರಾಟ ತಾಣಗಳಲ್ಲಿಯೂ ಹೇರಳವಾಗಿ ದೊರೆಯುತ್ತವೆ. ಆದರೆ ಪೆಟ್ಟಿಗೆಯ ಮೇಲೆ ಮುದ್ರಿಸಿರುವ ದೊಡ್ಡ ಅಂಕಿಯನ್ನು ನಂಬಿ ಖರೀದಿಸಿದ ದೀಪವು ಎರಡು ಗಂಟೆಯೊಳಗೆ ಮಂಕಾದರೆ, ಕತ್ತಲ ಬದುವಿನ ಮೇಲೆ ಬರಿಗಣ್ಣಿನಲ್ಲಿ ಮನೆಗೆ ಮರಳಬೇಕಾಗುತ್ತದೆ. ರಾಜ್ಯದಲ್ಲಿ ಹಾವು ಕಡಿತವನ್ನು 2024ರಲ್ಲಿ ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಲಾಗಿದೆ ಎಂಬುದನ್ನು ಇಲ್ಲಿ ಗಮನಿಸಬಹುದು. ಆದ್ದರಿಂದ ದೀಪದ ಆಯ್ಕೆಯಲ್ಲಿ ಎಷ್ಟು ಪ್ರಖರ ಎಂಬುದಕ್ಕಿಂತ, ಕೆಲಸ ಮುಗಿಯುವವರೆಗೆ ಉರಿಯುತ್ತದೆಯೇ ಎಂಬುದನ್ನು ಮೊದಲು ನೋಡತಕ್ಕದ್ದು.

ಎಷ್ಟು ಬೆಳಕು ಬೇಕು

ಬೆಳಕಿನ ಒಟ್ಟು ಪ್ರಮಾಣವನ್ನು ಲ್ಯೂಮೆನ್ ಎಂಬ ಮಾನದಿಂದ ಅಳೆಯಲಾಗುತ್ತದೆ. ಕೈಯಳತೆಯ ಕೆಲಸಕ್ಕೆ, ಅಂದರೆ ರಬ್ಬರ್ ಮರದ ತೊಗಟೆ ಕೆತ್ತುವುದು, ಮೊಗ್ಗು ಬಿಡಿಸುವುದು, ಪಂಪ್‌ಸೆಟ್ ಸ್ಟಾರ್ಟರ್ ಪೆಟ್ಟಿಗೆಯನ್ನು ನೋಡುವುದು ಇತ್ಯಾದಿಗಳಿಗೆ 20ರಿಂದ 50 ಲ್ಯೂಮೆನ್ ಸಾಕಾಗುತ್ತದೆ. ಕಾಲುದಾರಿಯಲ್ಲಿ ನಡೆಯಲು 50ರಿಂದ 100 ಲ್ಯೂಮೆನ್ ಬೇಕು. ತೋಟದ ಆಚೆ ಬದಿಯಲ್ಲಿ ಪೈಪು ಒಡೆದಿದೆಯೇ ಎಂದು ನೋಡುವಂತಹ ಕ್ಷಣಗಳಲ್ಲಿ ಮಾತ್ರ 200 ಅಥವಾ ಅದಕ್ಕಿಂತ ಹೆಚ್ಚು ಬೇಕಾಗುವುದು. ಹೀಗಾಗಿ ಎರಡು ಅಥವಾ ಮೂರು ಹಂತಗಳಲ್ಲಿ ಬೆಳಕನ್ನು ಬದಲಿಸಬಹುದಾದ ದೀಪವು ಒಂದೇ ಹಂತದ ಪ್ರಖರ ದೀಪಕ್ಕಿಂತ ಹೆಚ್ಚು ಉಪಯುಕ್ತ.

ಬೆಳಕು ಹರಡುವ ರೀತಿಯೂ ಮುಖ್ಯ. ದೂರಕ್ಕೆ ಚುಚ್ಚುವ ಕಿರಿದಾದ ಬೆಳಕು ಕೈಯಳತೆಯ ಕೆಲಸದಲ್ಲಿ ಕಣ್ಣಿಗೆ ಆಯಾಸ ತರುತ್ತದೆ. ರಬ್ಬರ್ ಟ್ಯಾಪಿಂಗ್‌ನಲ್ಲಿ ತೊಗಟೆಯನ್ನು ತೆಳುವಾಗಿ ಸೀಳಬೇಕಾಗಿದ್ದು, ಕತ್ತಿ ಒಳಗಿನ ಬೆಳವಣಿಗೆಯ ಪದರಕ್ಕೆ ತಗುಲಿದರೆ ಆ ಭಾಗದಲ್ಲಿ ಹೊಸ ತೊಗಟೆ ಸರಿಯಾಗಿ ಬರುವುದಿಲ್ಲ. ಇಂತಹ ಕೆಲಸಕ್ಕೆ ಹರಡಿದ, ಮಂದವಾದ, ಏಕರೂಪದ ಬೆಳಕೇ ಸೂಕ್ತ.

ಬೆಳಕಿನ ಬಣ್ಣದ ಬಗ್ಗೆ ಗ್ರಾಹಕರು ಸಾಮಾನ್ಯವಾಗಿ ವಿಚಾರಿಸುವುದಿಲ್ಲ. ಅಗ್ಗದ ದೀಪಗಳಲ್ಲಿ ಹೆಚ್ಚಾಗಿ ಕಂಡುಬರುವ ನೀಲಿಛಾಯೆಯ ಬಿಳಿ ಬೆಳಕಿನಲ್ಲಿ ಕಂದು ಬಣ್ಣದ ವಸ್ತುಗಳು ಬೂದಿ ಬಣ್ಣವಾಗಿ ತೋರುತ್ತವೆ. ತರಗೆಲೆಗಳ ನಡುವೆ ಸುರುಳಿಯಾಗಿ ಮಲಗುವ ಕೊಳಕುಮಂಡಲದ ಮೈಬಣ್ಣ ಕಂದು ಎಂಬುದನ್ನು ನೆನೆದರೆ, ತುಸು ಹಳದಿ ಛಾಯೆಯ ಬೆಳಕನ್ನು ಆರಿಸುವುದು ಲೇಸು. ಇದರೊಂದಿಗೆ ಇನ್ನೊಂದು ಸಂಗತಿಯಿದೆ. ಹಣೆಯ ಮೇಲಿನ ದೀಪವು ಕಣ್ಣಿನ ಮಟ್ಟದಿಂದಲೇ ಬೆಳಕು ಬೀರುವುದರಿಂದ ವಸ್ತುಗಳ ನೆರಳು ಅವುಗಳ ಹಿಂದೆಯೇ ಅಡಗಿ, ನೆಲದ ಏರಿಳಿತ ಚಪ್ಪಟೆಯಾಗಿ ಕಾಣುತ್ತದೆ. ಅದೇ ದೀಪವನ್ನು ಬಿಚ್ಚಿ ಸೊಂಟದ ಮಟ್ಟದಲ್ಲಿ ಹಿಡಿದರೆ ಕಲ್ಲು, ಗುಂಡಿ, ಹಾವು ಎಲ್ಲವೂ ನೆರಳಿನೊಂದಿಗೆ ಎದ್ದು ಕಾಣುತ್ತವೆ. ಮಲೆನಾಡಿನ ಮಂಜಿನಲ್ಲಿಯೂ ಹಣೆಯ ದೀಪ ಕಣ್ಣೆದುರು ಬಿಳಿ ಪರದೆಯನ್ನೇ ಎಬ್ಬಿಸುತ್ತದೆ. ಕೆಳಗೆ ಹಿಡಿದರೆ ದಾರಿ ಕಾಣುತ್ತದೆ. ಆದ್ದರಿಂದ ಹೋಗುವಾಗ ಬರುವಾಗ ಕೈಯಲ್ಲಿ, ಕೆಲಸದ ಹೊತ್ತಿನಲ್ಲಿ ತಲೆಯ ಮೇಲೆ ಎಂಬ ರೂಢಿ ಒಳ್ಳೆಯದು. ಯಾವ ದೀಪವೂ ಬೂಟು ಮತ್ತು ಕೋಲಿಗೆ ಬದಲಿಯಲ್ಲ.

ಕೆಂಪು ಬೆಳಕಿನ ಹಂತವಿರುವ ದೀಪಗಳಿಗೆ ಕೀಟಗಳು ಕಡಿಮೆ ಮುತ್ತುತ್ತವೆ. ಕತ್ತಲೆಗೆ ಪೂರ್ಣವಾಗಿ ಹೊಂದಿಕೊಳ್ಳಲು ಕಣ್ಣಿಗೆ 20ರಿಂದ 30 ನಿಮಿಷ ಬೇಕಾಗುತ್ತಿದ್ದು, ಮಂದವಾದ ಕೆಂಪು ಬೆಳಕು ಆ ಹೊಂದಿಕೆಯನ್ನು ಅಷ್ಟಾಗಿ ಕೆಡಿಸುವುದಿಲ್ಲ. ಇದು ಇದ್ದರೆ ಅನುಕೂಲ; ಇದಕ್ಕಾಗಿಯೇ ಹೆಚ್ಚಿನ ಬೆಲೆ ಕೊಡುವ ಅಗತ್ಯವಿಲ್ಲ.

ಪೆಟ್ಟಿಗೆಯ ಮೇಲಿನ ಅಂಕಿಗಳನ್ನು ಓದುವ ಕ್ರಮ

ಟಾರ್ಚ್‌ಗಳ ಅಳತೆಗೆ ಎಎನ್‌ಎಸ್‌ಐ ಎಫ್‌ಎಲ್ 1 ಎಂಬ ಅಮೆರಿಕದ ಮಾನಕವನ್ನು ಹಲವು ತಯಾರಕರು ಅನುಸರಿಸುತ್ತಾರೆ. ಅದರ ಪ್ರಕಾರ ದೀಪದ ಬೆಳಕು ಆರಂಭದ ಪ್ರಮಾಣದ ಶೇ. 10ಕ್ಕೆ ಇಳಿಯುವವರೆಗಿನ ಸಮಯವನ್ನು ಉರಿಯುವ ಅವಧಿ ಎಂದು ಪರಿಗಣಿಸಲಾಗುತ್ತದೆ. ಅಂದರೆ 300 ಲ್ಯೂಮೆನ್, 6 ಗಂಟೆ ಎಂದು ಬರೆದಿದ್ದರೆ ಆರೂ ಗಂಟೆ 300 ಲ್ಯೂಮೆನ್ ಸಿಗುತ್ತದೆ ಎಂದು ಅರ್ಥವಲ್ಲ. ಕೊನೆಯಲ್ಲಿ ಕೇವಲ 30 ಲ್ಯೂಮೆನ್ ಉಳಿದಿರಬಹುದು. ಅದೇ ರೀತಿ ಬೆಳಕು ತಲಪುವ ದೂರವೆಂದರೆ ಶುಭ್ರ ಆಕಾಶದ ಹುಣ್ಣಿಮೆ ಬೆಳದಿಂಗಳಿನಷ್ಟು, ಅಂದರೆ 0.25 ಲಕ್ಸ್ ಬೆಳಕು ಬೀಳುವ ದೂರ. ಬೆಳಕಿನ ತೀವ್ರತೆ ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುವುದರಿಂದ, 100 ಮೀಟರ್ ಎಂದು ಬರೆದಿರುವ ದೀಪವು 25 ಮೀಟರ್ ದೂರದಲ್ಲಿ 4 ಲಕ್ಸ್ ಬೆಳಕು ನೀಡುತ್ತದೆ. ನಿಖರವಾಗಿ ಗುರುತು ಹಿಡಿಯಲು ಬರೆದ ದೂರದ ಕಾಲುಭಾಗವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುವುದು ಕ್ಷೇಮ.

ಯಾವ ಮಾನಕದ ಹೆಸರೂ ಇಲ್ಲದೆ 10000 ಲ್ಯೂಮೆನ್, 20000 ಲ್ಯೂಮೆನ್ ಎಂದು ಮುದ್ರಿಸಿರುವ ಪೆಟ್ಟಿಗೆಗಳನ್ನು ಪರೀಕ್ಷಿಸಲು ಗ್ರಾಹಕರಿಗೆ ಉಪಕರಣ ಬೇಕಿಲ್ಲ, ಗುಣಾಕಾರ ಸಾಕು. ಬ್ಯಾಟರಿಯ ಸಾಮರ್ಥ್ಯವನ್ನು ಆಂಪಿಯರ್-ಗಂಟೆಯಲ್ಲಿ ತೆಗೆದುಕೊಂಡು ವೋಲ್ಟಿನಿಂದ ಗುಣಿಸಿದರೆ ವ್ಯಾಟ್-ಗಂಟೆ ದೊರೆಯುತ್ತದೆ. 2600 ಎಂಎಎಚ್, 3.7 ವೋಲ್ಟಿನ ಲಿಥಿಯಂ ಬ್ಯಾಟರಿಯಲ್ಲಿ ಇರುವುದು ಸುಮಾರು 9.6 ವ್ಯಾಟ್-ಗಂಟೆ. ಸಾಧಾರಣ ಎಲ್‌ಇಡಿ ದೀಪವು ಒಂದು ವ್ಯಾಟಿಗೆ ಸುಮಾರು 100 ಲ್ಯೂಮೆನ್ ನೀಡುತ್ತದೆ ಎಂದು ಇಟ್ಟುಕೊಂಡರೆ, ಈ ಬ್ಯಾಟರಿ 100 ಲ್ಯೂಮೆನ್ ಬೆಳಕನ್ನು ಸುಮಾರು 9 ಗಂಟೆ ಕೊಡಬಲ್ಲದು, 1000 ಲ್ಯೂಮೆನ್ ಬೆಳಕನ್ನು ಒಂದು ಗಂಟೆಯೂ ಕೊಡಲಾರದು. ಅದೇ ಬ್ಯಾಟರಿ ಇಟ್ಟು 1000 ಲ್ಯೂಮೆನ್, 8 ಗಂಟೆ ಎಂದು ಬರೆದಿದ್ದರೆ ಅದಕ್ಕೆ 80 ವ್ಯಾಟ್-ಗಂಟೆ ಬೇಕಾಗುತ್ತದೆ. ಇರುವುದರ ಎಂಟು ಪಟ್ಟು ಹೆಚ್ಚು. ಒಂದು ಅಂಕಿ ಸುಳ್ಳೆಂದು ಗುಣಾಕಾರದಲ್ಲೇ ತಿಳಿದ ಮೇಲೆ ಅದೇ ಪೆಟ್ಟಿಗೆಯ ಉಳಿದ ಅಂಕಿಗಳನ್ನು ನಂಬಲು ಕಾರಣವಿರುವುದಿಲ್ಲ.

ಮಳೆಗೆ ಸಂಬಂಧಿಸಿದಂತೆ ಐಪಿಎಕ್ಸ್ 4 ಎಂದಿದ್ದರೆ ಎಲ್ಲ ದಿಕ್ಕಿನಿಂದ ಎರಚುವ ನೀರನ್ನು ತಡೆಯುತ್ತದೆ. ಐಪಿಎಕ್ಸ್ 7 ಎಂದಿದ್ದರೆ ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಮುಳುಗಿದರೂ ಕೆಡಬಾರದು. ಕಾಲುವೆಯ ಕೆಲಸಕ್ಕೆ ಎರಡನೆಯದು ಮೇಲು. ಮಳೆಗಾಲದಲ್ಲಿ ಚಾರ್ಜಿಂಗ್ ರಂಧ್ರದ ರಬ್ಬರ್ ಮುಚ್ಚಳ ಹರಿದಿದ್ದರೆ ಈ ಗುರುತುಗಳಿಗೆ ಅರ್ಥವಿಲ್ಲ.

ಬ್ಯಾಟರಿ

18650 ಎಂಬ ಸಂಖ್ಯೆಯ ಲಿಥಿಯಂ ಸೆಲ್ 18 ಮಿ.ಮೀ. ವ್ಯಾಸ, 65 ಮಿ.ಮೀ. ಉದ್ದವಿದ್ದು, ಅದರ ಸಾಮರ್ಥ್ಯ ಸಾಮಾನ್ಯವಾಗಿ 2000ದಿಂದ 3500 ಎಂಎಎಚ್ ಇರುತ್ತದೆ. ಇದೇ ಗಾತ್ರದ ಸೆಲ್ ಮೇಲೆ 9900 ಎಂದು ಬರೆದಿದ್ದರೆ ಅದು ಅಸಾಧ್ಯವಾದ ಸಂಖ್ಯೆ. ಅಸಲಿ ಸೆಲ್ 45ರಿಂದ 50 ಗ್ರಾಂ ತೂಗುತ್ತದೆ. ಕೈಗೆ ತೀರಾ ಹಗುರವೆನಿಸಿದರೆ ಸಂಶಯಪಡುವುದು ಯುಕ್ತ. ಲಿಥಿಯಂ ಬ್ಯಾಟರಿಗಳಿಗೆ ಐಎಸ್ 16046 ಮಾನಕದಡಿ ಭಾರತೀಯ ಮಾನಕ ಬ್ಯೂರೊದ ನೋಂದಣಿ ಕಡ್ಡಾಯವಾಗಿದ್ದು, ಆರ್ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ನಮೂದಿಸಿ ಪರಿಶೀಲಿಸಬಹುದಾಗಿದೆ.

ಬ್ಯಾಟರಿಯನ್ನು ಹೊರತೆಗೆದು ಬದಲಿಸಬಹುದಾದ ದೀಪಕ್ಕೆ ಆದ್ಯತೆ ನೀಡುವುದು ಸೂಕ್ತ, ಏಕೆಂದರೆ ಎಲ್‌ಇಡಿಗಿಂತ ಬಹಳ ಮೊದಲೇ ಬ್ಯಾಟರಿ ಸೋಲುತ್ತದೆ. ಗೋಡೆಯ ಸಾಕೆಟ್ಟಿಗೆ ನೇರವಾಗಿ ಚುಚ್ಚುವ ಎರಡು ಪಿನ್ನಿನ ಅಗ್ಗದ ದೀಪಗಳಲ್ಲಿ 230 ವೋಲ್ಟಿನ ವಿದ್ಯುತ್ತನ್ನು ಟ್ರಾನ್ಸ್‌ಫಾರ್ಮರ್ ಮೂಲಕ ಬೇರ್ಪಡಿಸದೆ ಒಳಕ್ಕೆ ಬಿಡುವ ಮಂಡಲಗಳಿರುವುದುಂಟು. ಇಂತಹವನ್ನು ಚಾರ್ಜಿಗೆ ಹಾಕಿರುವಾಗ ಮುಟ್ಟುವುದಾಗಲೀ ತಲೆಗೆ ಕಟ್ಟಿಕೊಳ್ಳುವುದಾಗಲೀ ಕೂಡದು. ಮೊಬೈಲ್ ಚಾರ್ಜರಿನಿಂದ ಚಾರ್ಜ್ ಆಗುವ ದೀಪವೇ ಸುರಕ್ಷಿತ. ಟೈಪ್-ಸಿ ರಂಧ್ರವಿರುವ ಕೆಲವು ದೀಪಗಳು ಎರಡೂ ತುದಿ ಟೈಪ್-ಸಿ ಇರುವ ಕೇಬಲ್‌ನಲ್ಲಿ ಚಾರ್ಜ್ ಆಗುವುದಿಲ್ಲ. ಅಂತಹ ಸಂದರ್ಭದಲ್ಲಿ ದೀಪ ಕೆಟ್ಟಿದೆ ಎಂದು ಭಾವಿಸುವ ಮೊದಲು ಹಳೆಯ ಮಾದರಿಯ ಚಪ್ಪಟೆ ತುದಿಯ ಕೇಬಲ್ ಬಳಸಿ ನೋಡತಕ್ಕದ್ದು.

ಬೆಲೆಯ ಲೆಕ್ಕ

ಕಡಿಮೆ ಬೆಲೆ ಎಂದರೆ ಅಂಗಡಿಯಲ್ಲಿ ಕೊಡುವ ಹಣವಷ್ಟೇ ಅಲ್ಲ. ಲೆಕ್ಕದ ಅನುಕೂಲಕ್ಕಾಗಿ ಮೂರು ವರ್ಷಗಳ ಅವಧಿಯನ್ನು ತೆಗೆದುಕೊಳ್ಳಬಹುದು. ರೂ. 200ರ ದೀಪ ಆರು ತಿಂಗಳಿಗೊಮ್ಮೆ ಕೆಟ್ಟರೆ ಆರು ದೀಪಗಳಿಗೆ ರೂ. 1200 ಆಗುತ್ತದೆ. ರೂ. 800ರ ದೀಪಕ್ಕೆ ಒಮ್ಮೆ ರೂ. 200ರ ಸೆಲ್ ಬದಲಿಸಿದರೂ ರೂ. 1000 ಮಾತ್ರ. ಮೂರು ಸಣ್ಣ ಡ್ರೈ ಸೆಲ್‌ಗಳ ದೀಪವನ್ನು ತಿಂಗಳಿಗೆ 16 ರಾತ್ರಿ ಬಳಸಿ, ನಾಲ್ಕು ರಾತ್ರಿಗೊಮ್ಮೆ ರೂ. 30ರ ಸೆಲ್ ಹಾಕಿದರೆ ತಿಂಗಳಿಗೆ ರೂ. 120ರಂತೆ ಮೂರು ವರ್ಷಕ್ಕೆ ಸೆಲ್‌ಗಳಿಗೇ ರೂ. 4320 ತಗಲುತ್ತದೆ. ಈ ದರಗಳು ಉದಾಹರಣೆ ಮಾತ್ರವಾಗಿದ್ದು, ಗ್ರಾಹಕರು ತಮ್ಮ ಊರಿನ ದರ ಹಾಕಿ ನೋಡಿಕೊಳ್ಳಬಹುದು. ಚಾರ್ಜಿಂಗ್ ವೆಚ್ಚ ನಗಣ್ಯ: ಮೇಲೆ ಹೇಳಿದ ಬ್ಯಾಟರಿಯನ್ನು, ನಷ್ಟವನ್ನೂ ಸೇರಿಸಿ, ಒಂದು ಯೂನಿಟ್ ವಿದ್ಯುತ್ತಿನಲ್ಲಿ ಸುಮಾರು 60 ಬಾರಿ ಚಾರ್ಜ್ ಮಾಡಬಹುದು.

ವರ್ಷಕ್ಕೆ ನಾಲ್ಕಾರು ಬಾರಿ ಮಾತ್ರ ಬಳಸುವ ಕುಟುಂಬಕ್ಕೆ ಈ ಲೆಕ್ಕ ತಲೆಕೆಳಗಾಗಿ, ಡ್ರೈ ಸೆಲ್ ದೀಪವೇ ಸಾಕಾಗುತ್ತದೆ. ಆದರೆ ಬಳಕೆಯಿಲ್ಲದಾಗ ಸೆಲ್‌ಗಳನ್ನು ಹೊರತೆಗೆದಿಡಬೇಕು. ಇಲ್ಲದಿದ್ದರೆ ಅವು ಸೋರಿ ದೀಪ ಹಾಳಾಗುತ್ತದೆ.

ಪರೀಕ್ಷಿಸುವ ವಿಧಾನ

ಅಂಗಡಿಯಲ್ಲಿ ದೀಪವನ್ನು ತಲೆಗೆ ಕಟ್ಟಿ, ಬಗ್ಗಿ, ತಲೆ ಅಲ್ಲಾಡಿಸಿ ನೋಡಬೇಕು. ದೀಪವನ್ನು ಕೆಳಕ್ಕೆ ಓರೆ ಮಾಡುವ ಕೀಲು ಸಡಿಲವಿದ್ದರೆ ಬೇರೆಯದನ್ನು ಕೇಳುವುದು ಒಳಿತು. ಅಗ್ಗದ ದೀಪಗಳಲ್ಲಿ ಬೇಗ ಸೋಲುವ ಭಾಗಗಳಲ್ಲಿ ಇದೂ ಒಂದು. ಭಾರದ ಬ್ಯಾಟರಿಯಿದ್ದಲ್ಲಿ ಅದು ತಲೆಯ ಹಿಂಭಾಗದಲ್ಲಿರುವುದು ಮೇಲು. ಒದ್ದೆ ಕೈಯಲ್ಲಿ ಗುಂಡಿ ಒತ್ತಲು ಬರುತ್ತದೆಯೇ, ಮಂದ ಬೆಳಕಿಗೆ ಹೋಗಲು ಮಿನುಗುವ ಹಂತವನ್ನು ದಾಟಬೇಕಾಗಿದೆಯೇ ಎಂಬುದನ್ನೂ ನೋಡಿಕೊಳ್ಳಬಹುದು.

ನಿಜವಾದ ಪರೀಕ್ಷೆ ನಡೆಯಬೇಕಾದದ್ದು ಮನೆಯಲ್ಲಿ, ಖರೀದಿಸಿದ ಮೊದಲ ವಾರದಲ್ಲಿಯೇ. ಪೂರ್ಣ ಚಾರ್ಜ್ ಮಾಡಿ, ಕೆಲಸಕ್ಕೆ ಬಳಸುವ ಹಂತದಲ್ಲಿ ದೀಪವನ್ನು ಗೋಡೆಯತ್ತ ಉರಿಯಲು ಬಿಟ್ಟು, ಆರಂಭಿಸಿದ ಹಾಗೂ ಮಂಕಾದ ಸಮಯಗಳನ್ನು ಬರೆದಿಟ್ಟುಕೊಳ್ಳಬೇಕು. ನೀರು ಹಾಯಿಸುವ ಪಾಳಿ ನಾಲ್ಕು ಗಂಟೆಯದಾದರೆ ದೀಪ ಕನಿಷ್ಠ ಆರು ಗಂಟೆ ಉರಿಯಬೇಕು, ಏಕೆಂದರೆ ಬ್ಯಾಟರಿಯ ಶಕ್ತಿ ವರ್ಷದಿಂದ ವರ್ಷಕ್ಕೆ ಕುಗ್ಗುತ್ತದೆ. ಇಷ್ಟಾದರೂ ಜೇಬಿನಲ್ಲಿ ಒಂದು ಸಣ್ಣ ಟಾರ್ಚ್ ಇರಿಸಿಕೊಳ್ಳುವುದು ಅಗತ್ಯ.

ಸೂಚನೆ: ಸಾಮಾನ್ಯ ಹೆಡ್‌ಲ್ಯಾಂಪ್‌ಗಳು ಸ್ಫೋಟಕ ಅನಿಲವಿರುವ ಸ್ಥಳಗಳಿಗೆ ತಯಾರಾದವುಗಳಲ್ಲ. ಗೋಬರ್ ಗ್ಯಾಸ್ ಗುಂಡಿ, ಮುಚ್ಚಿದ ಟ್ಯಾಂಕು, ಪೆಟ್ರೋಲ್ ದಾಸ್ತಾನು ಮುಂತಾದ ಕಡೆ ಇವುಗಳನ್ನು ಬಳಸಬಾರದು. ಗಣಿಗಳಲ್ಲಿ ಉಪಯೋಗಿಸುವ ಕ್ಯಾಪ್ ಲ್ಯಾಂಪ್ ಪ್ರತ್ಯೇಕ ವರ್ಗಕ್ಕೆ ಸೇರಿದ್ದಾಗಿದೆ.

ಬಿಲ್ಲು ಮತ್ತು ದೂರು

ಪೆಟ್ಟಿಗೆಯ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು ಮತ್ತು ವಿಳಾಸ, ಆಮದು ವಸ್ತುವಾದರೆ ಮೂಲ ದೇಶ, ತಯಾರಾದ ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಮಾರಾಟ ಬೆಲೆ ಹಾಗೂ ಗ್ರಾಹಕ ಸಂಪರ್ಕದ ವಿವರ ಇರತಕ್ಕದ್ದೆಂದು 2011ರ ಕಾನೂನು ಮಾಪನಶಾಸ್ತ್ರ (ಪೊಟ್ಟಣ ಸಾಮಗ್ರಿಗಳ) ನಿಯಮಗಳು ವಿಧಿಸುತ್ತವೆ. ತಯಾರಾದ ದಿನಾಂಕವನ್ನು ವಿಶೇಷವಾಗಿ ನೋಡುವುದು ಸೂಕ್ತ. ಅಂಗಡಿಯಲ್ಲಿ ವರ್ಷಗಟ್ಟಲೆ ಕುಳಿತ ಬ್ಯಾಟರಿ ಬಳಸದೆಯೇ ಮುದಿಯಾಗಿರುತ್ತದೆ.

ಚಿಕ್ಕ ಮೊತ್ತವೆಂದು ಬಿಲ್ಲನ್ನು ಬಿಟ್ಟುಬಿಡುವುದು ಗ್ರಾಹಕರ ಸಾಮಾನ್ಯ ತಪ್ಪು. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಪ್ರಕಾರ ಬಿಲ್ಲು ನೀಡದಿರುವುದು ಅನುಚಿತ ವ್ಯಾಪಾರ ಪದ್ಧತಿಯಾಗಿರುತ್ತದೆ. ದೋಷಯುಕ್ತ ವಸ್ತುವನ್ನು ಬಿಲ್ಲಿನಲ್ಲಿ ನಮೂದಿಸಿದ ಅವಧಿಯೊಳಗೆ, ಅವಧಿ ನಮೂದಿಸದಿದ್ದಲ್ಲಿ 30 ದಿನಗಳೊಳಗೆ, ಹಿಂಪಡೆದು ಹಣ ಮರಳಿಸಲು ನಿರಾಕರಿಸುವುದೂ ಅದೇ ಪದ್ಧತಿಗೆ ಸೇರುತ್ತದೆ. ಮನೆಯ ಪರೀಕ್ಷೆಯನ್ನು ಮೊದಲ ವಾರದಲ್ಲಿ ಮಾಡಬೇಕೆಂದು ಹೇಳಿರುವುದು ಇದೇ ಕಾರಣಕ್ಕೆ. ಸ್ವಂತ ಜೀವನೋಪಾಯದ ದುಡಿಮೆಗಾಗಿ ದೀಪ ಖರೀದಿಸಿದ ರೈತರು ಮತ್ತು ಟ್ಯಾಪಿಂಗ್ ಕೆಲಸಗಾರರೂ ಅಧಿನಿಯಮದ ಅರ್ಥದಲ್ಲಿ ಗ್ರಾಹಕರೇ ಆಗಿರುತ್ತಾರೆ.

ಅಂಗಡಿಯವರು ಸ್ಪಂದಿಸದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಉಚಿತವಾಗಿ ಕರೆ ಮಾಡಬಹುದು. ಗರಿಷ್ಠ ಮಾರಾಟ ಬೆಲೆಗಿಂತ ಹೆಚ್ಚು ವಸೂಲಿ ಮಾಡಿದಲ್ಲಿ ಕಾನೂನು ಮಾಪನಶಾಸ್ತ್ರ ಇಲಾಖೆಯ ನಿರೀಕ್ಷಕರಿಗೆ ದೂರು ಸಲ್ಲಿಸಬಹುದು. ಅದರ ಮುಂದಿನ ಹಂತದಲ್ಲಿ ತಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಎರಡು ವರ್ಷಗಳೊಳಗೆ ದೂರು ನೀಡಲು ಅವಕಾಶವಿದೆ. ರೂ. 5 ಲಕ್ಷದವರೆಗಿನ ಖರೀದಿಗೆ ಶುಲ್ಕವಿರುವುದಿಲ್ಲ. ವಕೀಲರನ್ನು ನೇಮಿಸಿಕೊಳ್ಳುವುದು ಕಡ್ಡಾಯವಲ್ಲ. 2025ರ ಜನವರಿಯಿಂದ ಇ-ಜಾಗೃತಿ ತಾಣದ ಮೂಲಕವೂ ದೂರು ದಾಖಲಿಸಬಹುದಾಗಿದೆ. ದೂರಿನೊಂದಿಗೆ ಬಿಲ್ಲಿನ ಪ್ರತಿ, ಪೆಟ್ಟಿಗೆಯ ಎಲ್ಲ ಬದಿಗಳ ಛಾಯಾಚಿತ್ರ, ಮಾರಾಟಗಾರರೊಂದಿಗಿನ ಪತ್ರ ವ್ಯವಹಾರ ಹಾಗೂ ಮನೆಯಲ್ಲಿ ಬರೆದಿಟ್ಟುಕೊಂಡ ಸಮಯದ ಟಿಪ್ಪಣಿಯನ್ನು ಲಗತ್ತಿಸತಕ್ಕದ್ದು.

ಉಬ್ಬಿದ ಅಥವಾ ನಿರುಪಯುಕ್ತ ಬ್ಯಾಟರಿಗಳನ್ನು ಒಲೆಗೆ, ತಿಪ್ಪೆಗೆ ಅಥವಾ ಕಸದ ಬುಟ್ಟಿಗೆ ಹಾಕದೆ, 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳನ್ವಯ ಪ್ರತ್ಯೇಕವಾಗಿ ಸಂಗ್ರಹಿಸಿ, ಬ್ಯಾಟರಿ ತ್ಯಾಜ್ಯ ಸ್ವೀಕರಿಸುವ ಸಂಗ್ರಹಣಾ ಕೇಂದ್ರಕ್ಕೆ ಒಪ್ಪಿಸತಕ್ಕದ್ದು.