ಹಳಿ ಹೋದ ಮೇಲೆ ದಾರಿ ಯಾರದು?

ಮಣಲಿ ಎಂದರೆ ಹಿಮಾಚಲದ ಮನಾಲಿ ಅಲ್ಲ. ಚೆನ್ನೈನ ಉತ್ತರ ತುದಿಯಲ್ಲಿ, ತಿರುವೊತ್ತಿಯೂರಿನ ಪಕ್ಕದಲ್ಲಿರುವ ಊರು ಅದು. 2011ರಲ್ಲಿ ಚೆನ್ನೈ ಪಾಲಿಕೆಗೆ ಸೇರುವ ತನಕ ಅಲ್ಲಿ ಪ್ರತ್ಯೇಕ ಪುರಸಭೆ ಇತ್ತು. ತಮಿಳಿನ ‘ಮಣಲ್’ ನಮ್ಮ ‘ಮರಳು’, ಹಳಗನ್ನಡದ ‘ಮಳಲ್’. ಆದರೆ ಇವತ್ತು ಮಣಲಿ ಎಂದಾಗ ನೆನಪಾಗುವುದು ಮರಳಲ್ಲ. 1969ರಲ್ಲಿ ಶುರುವಾದ ತೈಲ ಶುದ್ಧೀಕರಣಾಗಾರ, ರಸಗೊಬ್ಬರ ಕಾರ್ಖಾನೆ, ರಸ್ತೆಯುದ್ದ ನಿಂತ ಟ್ಯಾಂಕರ್ ಲಾರಿಗಳು.

ಇಂಥ ಊರಿನ ಗಂಡಹೆಂಡಿರು, ಹಿಂಗಾರು ಬಿಡುವು ಕೊಟ್ಟ ಒಂದು ಭಾನುವಾರ, ಹಳೆಯ ರೈಲು ದಾರಿ ಹಿಡಿದು ದಿನವಿಡೀ ಸೈಕಲ್ ತುಳಿಯಬೇಕು ಎಂದುಕೊಂಡರೆ ಏನು ಮಾಡಬೇಕು? ಅಮೆರಿಕ, ಇಂಗ್ಲೆಂಡ್, ಸ್ಪೇನ್, ನ್ಯೂಜಿಲೆಂಡ್‌ಗಳಲ್ಲಿ ಇದು ದೊಡ್ಡ ಆಸೆಯೇನಲ್ಲ. ರೈಲು ನಿಂತುಹೋದ ಹಾದಿಯ ಹಳಿ ಕಿತ್ತು, ನೆಲ ಗಟ್ಟಿ ಮಾಡಿ, ನಡೆಯುವವರಿಗೂ ಸೈಕಲ್ಲಿನವರಿಗೂ ಬಿಟ್ಟುಕೊಟ್ಟ ‘ರೈಲ್ ಟ್ರೇಲ್’ಗಳು ಅಲ್ಲಿ ಬೇಕಾದಷ್ಟಿವೆ. ಹಾಗೆ ನೋಡಿದರೆ ಮಣಲಿಯವರು ಅದೃಷ್ಟವಂತರು. ಭಾರತದ ಮೊತ್ತಮೊದಲ ರೈಲು ಹಳಿ ಅವರ ಊರಿನಿಂದ ಸುಮಾರು ಹತ್ತು ಕಿಲೋಮೀಟರ್ ಪಶ್ಚಿಮದಲ್ಲಿತ್ತು. ತುಳಿಯಲು ದಾರಿ ಮಾತ್ರ ಉಳಿದಿಲ್ಲ.

ಆ ಜಾಗದ ಹೆಸರು ಸೆಂಗುಂಡ್ರಂ. ಇಂಗ್ಲಿಷರ ಬಾಯಲ್ಲಿ ರೆಡ್ ಹಿಲ್ಸ್. ತಮಿಳಿನ ‘ಸೆಂ’ ನಮ್ಮ ‘ಕೆಂ’. ಕನ್ನಡ ಉಳಿಸಿಕೊಂಡ ಕಕಾರವನ್ನು ತಮಿಳು ಇಂಥ ಕಡೆ ಚಕಾರ ಮಾಡಿಕೊಂಡಿದೆ. ಕೆಂಗುಡ್ಡ ಎಂದರೆ ನಮಗೆ ತಟ್ಟನೆ ತಿಳಿಯುತ್ತದೆ. ಅಲ್ಲಿನ ಕೆಂಪು, ದಕ್ಷಿಣ ಕನ್ನಡದವರು ಮುರಕಲ್ಲು ಎಂದೂ ಉಳಿದವರು ಜಂಬಿಟ್ಟಿಗೆ ಎಂದೂ ಕರೆಯುವ ಕಲ್ಲಿನದು. ಮದ್ರಾಸಿನ ರಸ್ತೆಗಳಿಗೆ ಹಾಸಲು ಈ ಕಲ್ಲು ಬೇಕಾಗಿತ್ತು. ಅದನ್ನು ನಗರಕ್ಕೆ ಸಾಗಿಸಲು ಕಂಪನಿ ಸರ್ಕಾರದ ಎಂಜಿನಿಯರ್ ಆರ್ಥರ್ ಕಾಟನ್ ಹಳಿಯ ಯೋಜನೆ ಹಾಕಿದ. 1836ರಲ್ಲಿ ಚಿಂತಾದ್ರಿಪೇಟೆಯ ಸೇತುವೆಯ ಬಳಿ ಪ್ರಯೋಗಕ್ಕೆಂದು ಒಂದು ತುಂಡು ಹಳಿ ಹಾಕಿ ನೋಡಿದರು. 1837ರಲ್ಲಿ ರೆಡ್ ಹಿಲ್ಸ್ ರೈಲು ಓಡಿತು. ಹಬೆ ಎಂಜಿನ್ನಿನ ಪ್ರಯೋಗವೂ ನಡೆಯಿತು, ಆದರೆ ಬಂಡಿಗಳನ್ನು ಹೆಚ್ಚಾಗಿ ಎಳೆದದ್ದು ಪ್ರಾಣಿಗಳೇ. 1845ರ ಹೊತ್ತಿಗೆ ಎಲ್ಲ ಮುಗಿದಿತ್ತು.

ಶಾಲೆಯ ಪುಸ್ತಕದಲ್ಲಿ ಭಾರತದ ರೈಲು ಹುಟ್ಟುವುದು 1853ರ ಏಪ್ರಿಲ್ 16ರಂದು, ಬೊಂಬಾಯಿಯಿಂದ ಠಾಣೆಗೆ. ಅದು ಜನರನ್ನು ಕೂರಿಸಿಕೊಂಡು ಹೊರಟ ರೈಲು. ದಕ್ಷಿಣಕ್ಕೆ ಅಂಥ ರೈಲು ಬಂದದ್ದು 1856ರ ಜುಲೈ 1ರಂದು, ಮದ್ರಾಸಿನ ರಾಯಪುರದಿಂದ ವಾಲಾಜಾ ರಸ್ತೆಯ ತನಕ. ಬೆಂಗಳೂರು ದಂಡಿಗೆ ಬಂದದ್ದು 1864ರಲ್ಲಿ, ಜೋಲಾರ್‌ಪೇಟೆಯ ಕಡೆಯಿಂದ. ಕಲ್ಲು ಹೊತ್ತ ರೈಲನ್ನು ಈ ಸಾಲಿನಲ್ಲಿ ನಿಲ್ಲಿಸುವವರು ಕಡಿಮೆ. ಟಿಕೆಟ್ ಕೊಂಡವರಿಲ್ಲ, ನಿಲ್ದಾಣಗಳಿಲ್ಲ, ಊರವರ ನೆನಪಿನಲ್ಲಿ ಉಳಿಯುವಂಥದ್ದು ಏನೂ ಇರಲಿಲ್ಲ. ಕೆಲಸ ಮುಗಿದ ಮೇಲೆ ಹಳಿಗೆ ಬೆಲೆ ಇತ್ತು, ಹಳಿಯ ಕೆಳಗಿನ ನೆಲಕ್ಕೆ ದಾರಿಯಾಗಿ ಬೆಲೆ ಇರಲಿಲ್ಲ. ಇವತ್ತು ಸೆಂಗುಂಡ್ರಂಗೆ ಹೋದರೆ ಸಿಗುವುದು ಚೆನ್ನೈಗೆ ಕುಡಿಯುವ ನೀರು ಕೊಡುವ ಪುಳಲ್ ಕೆರೆ ಮತ್ತು ಕಲ್ಕತ್ತೆಯ ಕಡೆಗೆ ಹೋಗುವ ಹೆದ್ದಾರಿ.

ದೇಶದ ಮೊದಲ ರೈಲು ಹಾಕಿದ ಕಾಟನ್ ಮುಂದೆ ರೈಲಿನ ದೊಡ್ಡ ಟೀಕಾಕಾರನಾದ. 1840ರ ದಶಕದಲ್ಲಿ ಧವಳೇಶ್ವರದಲ್ಲಿ ಗೋದಾವರಿಗೆ ಅಣೆ ಕಟ್ಟುವಾಗ ಕಲ್ಲು ಸಾಗಿಸಲು ಮತ್ತೆ ಹಳಿ ಬಳಸಿದ್ದು ನಿಜ. ಆದರೆ ಭಾರತಕ್ಕೆ ಬೇಕಾಗಿರುವುದು ರೈಲಿಗಿಂತ ಕಾಲುವೆ, ಅದರಿಂದ ಹೊಲಕ್ಕೆ ನೀರೂ ಆಗುತ್ತದೆ, ದೋಣಿಗೆ ದಾರಿಯೂ ಆಗುತ್ತದೆ ಎಂದು ಅವನು ಬ್ರಿಟಿಷ್ ಸಂಸತ್ತಿನ ಸಮಿತಿಯ ಮುಂದೆಯೂ ವಾದಿಸಿದ. ಮಣಲಿಯ ಪೂರ್ವಕ್ಕೆ ಅಂಥ ಜಲಮಾರ್ಗವೊಂದು ಹರಿಯುತ್ತದೆ. 1806ರಲ್ಲಿ ಬೇಸಿಲ್ ಕಾಕ್ರೇನ್ ಮದ್ರಾಸಿನಿಂದ ಎಣ್ಣೂರಿಗೆ ತೋಡಿಸಿದ ಕಾಲುವೆ ಅದು. ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮದಲ್ಲಿ, ಅಂದರೆ 1877-78ರಲ್ಲಿ, ಹಸಿದವರಿಗೆ ಕೂಲಿ ಕೊಟ್ಟು ಅದನ್ನು ನಗರದೊಳಗೆ ಕೂವಂ ಮತ್ತು ಅಡಯಾರ್ ಹೊಳೆಗಳ ನಡುವೆ ಜೋಡಿಸಿದರು. ಅಂದಿನ ಗವರ್ನರನ ಹೆಸರಿನಿಂದ ಅದು ಬಕಿಂಗ್‌ಹ್ಯಾಮ್ ಕಾಲುವೆಯಾಯಿತು. ಆಂಧ್ರದ ಪೆದ್ದಗಂಜಾಂನಿಂದ ಮರಕ್ಕಾಣಂ ತನಕ ಸುಮಾರು 420 ಕಿಲೋಮೀಟರ್ ಉಪ್ಪು, ಸೌದೆ, ಅಕ್ಕಿ ಹೊತ್ತ ದೋಣಿಗಳು ಓಡಾಡಿದವು. ಕೊನೆಗೆ ರೈಲೂ ಲಾರಿಯೂ ದೋಣಿಗಳನ್ನು ನಿಲ್ಲಿಸಿದವು. ಮಣಲಿಯ ಬಳಿ ಕಾಲುವೆ ಕೊಳಚೆ ನೀರಿನ ಹಾದಿಯಾಗಿದೆ. ನಗರದ ದಕ್ಷಿಣದಲ್ಲಿ, 1990ರ ದಶಕದಿಂದ, ಮೇಲ್ಸೇತುವೆ ರೈಲಿನ ಕಂಬಗಳು ಕಾಲುವೆಯ ಮೈಯಲ್ಲೇ ನಿಂತಿವೆ.

ಉದ್ದಕ್ಕೆ, ಕಿರಿದಾಗಿ, ಅಡ್ಡಿಯಿಲ್ಲದೆ ಸಾಗುವ ಸರ್ಕಾರಿ ನೆಲ ನಮ್ಮಲ್ಲಿ ಬಹಳ ದಿನ ಖಾಲಿ ಇರುವುದಿಲ್ಲ. ಹೆಚ್ಚು ದೊಡ್ಡ ವಾಹನಕ್ಕೆ ಅದು ಹೋಗುತ್ತದೆ, ಇಲ್ಲವೇ ಹೋಳು ಹೋಳಾಗಿ ಯಾರದೋ ಪಾಲಾಗುತ್ತದೆ.

ಬೇರೆ ದೇಶಗಳಲ್ಲೂ ಇದು ತಾನಾಗಿ ಆದದ್ದಲ್ಲ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಎಲ್‌ರಾಯ್‌ನಿಂದ ಸ್ಪಾರ್ಟಾ ತನಕ ಸುಮಾರು 51 ಕಿಲೋಮೀಟರಿನ ರೈಲು ಮಾರ್ಗ 1960ರ ದಶಕದಲ್ಲಿ ನಿಂತುಹೋಯಿತು. ರಾಜ್ಯ ಸರ್ಕಾರ ಆ ಪಟ್ಟಿಯನ್ನು ತುಂಡಾಗಲು ಬಿಡದೆ ಕೊಂಡುಕೊಂಡು, ಸುಣ್ಣಕಲ್ಲಿನ ಪುಡಿ ಹಾಸಿ, 1967ರಲ್ಲಿ ಸೈಕಲ್ಲುಗಳಿಗೆ ತೆರೆಯಿತು. ದಾರಿಯಲ್ಲಿ ಮೂರು ಸುರಂಗಗಳಿವೆ. ಅವುಗಳೊಳಗೆ ಸೈಕಲ್ ಇಳಿದು, ದೀಪ ಹಿಡಿದು, ತಳ್ಳಿಕೊಂಡೇ ಹೋಗಬೇಕು. ಎಲೆ ಕೆಂಪಾಗುವ ಶರತ್ಕಾಲದಲ್ಲಿ ಅಲ್ಲಿಗೆ ಜೋಡಿಯಾಗಿ ಬರುವವರಲ್ಲಿ ವಯಸ್ಸಾದವರೂ ಇರುತ್ತಾರೆ. ಕಾರಣ ಸರಳ: ರೈಲು ಕಡಿದಾದ ಏರು ಹತ್ತಲಾರದು, ಹಾಗಾಗಿ ಅದರ ದಾರಿ ಮೊಣಕಾಲನ್ನು ಸಾಯಿಸುವುದಿಲ್ಲ.

1983ರಲ್ಲಿ ಅಮೆರಿಕದ ಕಾನೂನು ಇನ್ನೊಂದು ಹೆಜ್ಜೆ ಇಟ್ಟಿತು. ರೈಲು ನಿಂತ ಮಾರ್ಗವನ್ನು ಠೇವಣಿಯ ಹಾಗೆ ಇಡಬಹುದು. ಮುಂದೆ ಎಂದಾದರೂ ರೈಲು ಬೇಕಾದರೆ ವಾಪಸ್ ತೆಗೆದುಕೊಳ್ಳಬಹುದು. ಅಲ್ಲಿಯ ತನಕ ಜನ ನಡೆಯಲಿ, ಸೈಕಲ್ ತುಳಿಯಲಿ. ನೆಲದ ಹಕ್ಕು ಕೇಳಿದವರು ಕೋರ್ಟಿಗೆ ಹೋದರು. 1990ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕಾನೂನನ್ನು ಎತ್ತಿಹಿಡಿಯಿತು.

ಕರ್ನಾಟಕದಲ್ಲಿ ಇಂಥ ದಾರಿ ಒಮ್ಮೆ ಇತ್ತು, ಯಾರೂ ಯೋಜಿಸದೆ. 1965ರಲ್ಲಿ ಶುರುವಾಗಿ 1979ರಲ್ಲಿ ಮುಗಿದ ಹಾಸನ–ಮಂಗಳೂರು ಮೀಟರ್ ಗೇಜ್ ಮಾರ್ಗವನ್ನು ಬ್ರಾಡ್ ಗೇಜ್ ಮಾಡಲು 1996ರಲ್ಲಿ ಮುಚ್ಚಿದರು. ಸರಕು ರೈಲು ಮತ್ತೆ ಓಡಿದ್ದು 2006ರಲ್ಲಿ, ಪ್ರಯಾಣಿಕರ ರೈಲು 2007ರ ಕೊನೆಯಲ್ಲಿ. ನಡುವಿನ ಹತ್ತು ವರ್ಷ ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರಸ್ತೆಯ ನಡುವಿನ ಘಾಟಿ ನಡೆಯುವವರದಾಯಿತು. ದೋಣಿಗಾಲ್, ಎಡಕುಮೇರಿ, ಸಿರಿಬಾಗಿಲು ಎಂಬ ನಿಲ್ದಾಣಗಳ ಹೆಸರನ್ನು ಬೆಂಗಳೂರಿನ ಹುಡುಗ ಹುಡುಗಿಯರು ಕಲಿತದ್ದು ಟಿಕೆಟ್ಟಿನಿಂದಲ್ಲ, ಬೆನ್ನ ಮೇಲೆ ಚೀಲ ಹೊತ್ತು. ಸುರಂಗಗಳ ಕತ್ತಲೆ, ಕೆಳಗೆ ಹೊಳೆ ಕಾಣುವ ಕಬ್ಬಿಣದ ಸೇತುವೆಗಳು, ಪಾಳು ನಿಲ್ದಾಣದಲ್ಲಿ ರಾತ್ರಿ. ಜಲ್ಲಿಯ ಮೇಲೆ ಸೈಕಲ್ ಓಡುವ ಹಾಗಿರಲಿಲ್ಲ, ಕಾಲೇ ಗತಿ.

ರೈಲು ವಾಪಸ್ ಬಂದ ಮೇಲೆ ಅದೇ ನಡಿಗೆ ಅತಿಕ್ರಮ ಪ್ರವೇಶವಾಯಿತು. 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಅದಕ್ಕೆ ಆರು ತಿಂಗಳ ತನಕ ಜೈಲು ಅಥವಾ ಸಾವಿರ ರೂಪಾಯಿ ತನಕ ದಂಡ, ಅಥವಾ ಎರಡೂ. ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ಘಾಟಿಯಲ್ಲಿ ಹಳಿಯ ಪಕ್ಕ ಸರಿದು ನಿಲ್ಲಲೂ ಜಾಗವಿಲ್ಲದ ಕಡೆಗಳಿವೆ, ಮತ್ತು ಕರಾವಳಿಗೆ ಆ ರೈಲು ಬೇಕೇ ಬೇಕಾಗಿತ್ತು. 1992ರಲ್ಲಿ ಎಲ್ಲ ಹಳಿಗಳನ್ನೂ ಒಂದೇ ಅಗಲಕ್ಕೆ ತರುವ ಯೋಜನೆ ಶುರುವಾದ ಮೇಲೆ ನಮ್ಮ ಹಳೆಯ ಮಾರ್ಗಗಳಲ್ಲಿ ಹೆಚ್ಚಿನವು ಸಾಯಲಿಲ್ಲ, ಅಗಲವಾದವು. ಕೋಲಾರ–ಚಿಕ್ಕಬಳ್ಳಾಪುರದ ಪುಟ್ಟ ನ್ಯಾರೋ ಗೇಜಿನ ಕಥೆಯೂ ಅದೇ. ಅದರ ಕಾಲದ ನಂದಿ ಹಾಲ್ಟ್, ದೊಡ್ಡಜಾಲದಂಥ ಹಂಚಿನ ನಿಲ್ದಾಣಗಳು ಈಗ ಬ್ರಾಡ್ ಗೇಜಿನ ಪಕ್ಕದಲ್ಲಿವೆ.

ಹಾಗಾಗಿ ಭಾರತದಲ್ಲಿ ರೈಲ್ ಟ್ರೇಲ್ ಏಕಿಲ್ಲ ಎಂಬ ಪ್ರಶ್ನೆಗೆ ಅರ್ಧ ಉತ್ತರ ಸಂತೋಷದ್ದು: ಇಲ್ಲಿ ರೈಲು ಇನ್ನೂ ಬದುಕಿದೆ. ಇನ್ನರ್ಧ ಅಷ್ಟು ಸಂತೋಷದ್ದಲ್ಲ. ಮಾರ್ಗ ಬದಲಾದಾಗ, ತಿರುವು ನೇರವಾದಾಗ, ಕಾರ್ಖಾನೆಯ ಸೈಡಿಂಗ್ ನಿಂತಾಗ ಉಳಿಯುವ ಪಟ್ಟಿಗಳನ್ನು ಇಡಿಯಾಗಿ ಕಾಯ್ದಿಡುವ ಠೇವಣಿಯ ಯೋಚನೆ ನಮಗೆ ಬಂದಿಲ್ಲ. ಅಂಥ ಪಟ್ಟಿ ಒಂದು ಕಡೆ ತುಂಡಾದರೆ ಸಾಕು, ದಾರಿಯಾಗಿ ಮುಗಿಯಿತು. ಸೈಕಲ್ಲಿಗೆ ಬೇಕಾದುದು ಎರಡು ಮೀಟರ್ ಅಗಲ. ಆದರೆ ಆ ಎರಡು ಮೀಟರ್ ಎಲ್ಲೂ ಕಡಿಯಬಾರದು.

ರೆಡ್ ಹಿಲ್ಸ್ ರೈಲಿನ ಕೆಲಸ ರಸ್ತೆಗೆ ಕಲ್ಲು ಹೊರುವುದಾಗಿತ್ತು. ಅದು ತನ್ನ ಕೆಲಸ ಚೆನ್ನಾಗಿಯೇ ಮಾಡಿತು. ರಸ್ತೆಗಳು ಇವೆ, ಅವುಗಳ ಮೇಲೆ ಲಾರಿಗಳಿವೆ. ಮಣಲಿಯಲ್ಲಿ ಪಾಳಿ ಮುಗಿಸಿ ಸೈಕಲ್ಲಿನಲ್ಲಿ ಮನೆಗೆ ಹೋಗುವ ಕೂಲಿಯವರು ಟ್ಯಾಂಕರಿನ ಚಕ್ರಕ್ಕೂ ಮೋರಿಗೂ ನಡುವಿನ ಒಂದು ಮೊಳ ಜಾಗ ಹಿಡಿದು ತುಳಿಯುತ್ತಾರೆ.